ಪ್ರತಿಕ್ರಿಯೆ: ಮನೆಗಳೆಲ್ಲ ತುಂಬಿದವು, ಉತ್ತರ ಎಲ್ಲಿದೆ?
ಅಮೆರಿಕದ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್‌ನ ಶುಕ್ರವಾರದ ಪದಬಂಧ ಪೂರ್ತಿ ತುಂಬಿದರೂ ಸ್ಪರ್ಧೆಯ ಉತ್ತರ ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಎಲ್ಲರೂ ಮೊದಲು ಮುಗ್ಗರಿಸುವುದು ಅಲ್ಲೇ! ಮನೆ ತುಂಬುವುದು ಅರ್ಧ ಕೆಲಸ ಅಷ್ಟೇ. ಅದರೊಳಗೆ ಇನ್ನೊಂದು ಒಗಟು ಅಡಗಿರುತ್ತದೆ, ಅದಕ್ಕೆ 'ಮೆಟಾ' ಅಂತಾರೆ. ಸ್ಪರ್ಧೆ ಕೇಳುವುದು ಅದರ ಉತ್ತರವನ್ನೇ.

ಕನ್ನಡದಲ್ಲೇ ನೋಡಿ. ಉದ್ದದ ಉತ್ತರಗಳು ಮೂಗುತಿ, ಕಾಲುವೆ, ತಲೆಮಾರು, ಕೈದಿ ಅಂತ ಬಂದವು ಅಂದುಕೊಳ್ಳಿ. ಒಂದಕ್ಕೊಂದು ಸಂಬಂಧವೇ ಇಲ್ಲ, ಅಲ್ವಾ? ಮೊದಲ ತುಂಡು ಮಾತ್ರ ಓದಿ: ಮೂಗು, ಕಾಲು, ತಲೆ, ಕೈ. ಕೇಳಿದ ಉತ್ತರ 'ದೇಹ'. ಆ ಪತ್ರಿಕೆಯ ಮೆಟಾಗಳು ಇಷ್ಟು ಸುಲಭ ಇರುವುದಿಲ್ಲ ಬಿಡಿ.

ಹಾಗಾಗಿ ಮೊದಲು ಶೀರ್ಷಿಕೆ ನೋಡಿ, ಆಮೇಲೆ ಉದ್ದದ ಉತ್ತರಗಳು. ವಿಚಿತ್ರ ಅನಿಸುವ ಸುಳಿವನ್ನು ಸುಮ್ನೆ ಬಿಡಬೇಡಿ. ನಾನಂತೂ ಶನಿವಾರ ಹಾಳೆ ಮಡಚಿಟ್ಟುಬಿಡುತ್ತೇನೆ. ಎಷ್ಟೋ ಸಲ ಪಾತ್ರೆ ತೊಳೆಯುವಾಗಲೇ ಹೊಳೆದಿದೆ.

ಗಡುವು ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ರಾತ್ರಿ 11:59. ನಮಗೆ ಅದು ಸೋಮವಾರ ಬೆಳಗ್ಗೆ, ಬೇಸಿಗೆಯಲ್ಲಿ 9:29, ಚಳಿಗಾಲದಲ್ಲಿ 10:29. ಬಹುಮಾನ? ಸರಿ ಉತ್ತರ ಕಳಿಸಿದವರಲ್ಲಿ ಚೀಟಿ ಎತ್ತಿದಂತೆ ಒಬ್ಬರಿಗೆ ಒಂದು ಮಗ್. ಅಷ್ಟಕ್ಕೇ ಇಷ್ಟು ಜನ ವಾರಾಂತ್ಯವಿಡೀ ತಲೆ ಕೆಡಿಸಿಕೊಳ್ಳುತ್ತಾರೆ.