ಯಾವ ಪರೀಕ್ಷೆಗೆ ಈ ಕೋಚಿಂಗ್?

(ಪತ್ರದ ಸಾರ: ಹುಬ್ಬಳ್ಳಿ ಮೂಲದ ಓದುಗರೊಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಹದಿನಾಲ್ಕು ವರ್ಷಗಳಿಂದ ಇದ್ದಾರೆ. ಕಳೆದ ವರ್ಷ ಬಡ್ತಿಯಾಗಿ ಈಗ ಅವರ ಕೈಕೆಳಗೆ ನಲವತ್ತು ಜನ. ‘ನಿಮ್ಮಲ್ಲಿ ಎಕ್ಸಿಕ್ಯೂಟಿವ್ ಪ್ರೆಸೆನ್ಸ್ ಸಾಲದು, ಒಬ್ಬ ಕೋಚ್ ಇಟ್ಟುಕೊಳ್ಳಿ’ ಎಂದು ಮೇಲಧಿಕಾರಿ ಹೇಳಿದ್ದಾರೆ. ಕಂಪನಿಯೇ ಖರ್ಚು ಹಾಕಿಕೊಂಡು ಒಬ್ಬರನ್ನು ಗೊತ್ತುಮಾಡಲು ಸಿದ್ಧವಿದೆ. ಹೋಟೆಲಿನಲ್ಲಿ ನಡೆದ ಭಾನುವಾರದ ಶಿಬಿರದಲ್ಲಿ ಪರಿಚಯವಾದ ಇನ್ನೊಬ್ಬರು ಹನ್ನೆರಡು ಭೇಟಿಗೆ 1.80 ಲಕ್ಷ ರೂಪಾಯಿ ಕೇಳಿದ್ದಾರೆ; ತಿಂಗಳ ಕೊನೆಯೊಳಗೆ ಕಟ್ಟಿದರೆ ಮೂವತ್ತು ಸಾವಿರ ಕಡಿಮೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ, ಇಬ್ಬರಲ್ಲಿ ಯಾರು ಸರಿ ಎಂದು ಕೇಳಿದ್ದಾರೆ.)

ಪ್ರಿಯ ಓದುಗರೇ,

ಹೆಸರು ಅಚ್ಚು ಮಾಡಬೇಡಿ ಎಂದಿದ್ದೀರಿ, ಮಾಡಿಲ್ಲ. ಆದರೆ ನಿಮ್ಮ ಪತ್ರದ ಒಂದು ಮಾತನ್ನು ಕದಿಯದೆ ಇರಲಾರೆ. ನಿವೃತ್ತ ಮೇಷ್ಟರಾದ ನಿಮ್ಮ ತಂದೆ ವಿಷಯ ಕೇಳಿ, ‘ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕೋಚಿಂಗ್ ಅವ್ವಾ?’ ಎಂದರಂತೆ. ನೀವು ನಕ್ಕಿರಿ. ನಾನು ನಗಲಿಲ್ಲ. ಧಾರವಾಡದಲ್ಲಾಗಲಿ ಬೆಂಗಳೂರಿನ ವಿಜಯನಗರದಲ್ಲಾಗಲಿ ನಾಲ್ಕು ಹೆಜ್ಜೆ ಹಾಕಿದರೆ ಕೋಚಿಂಗ್ ಎಂಬ ಬೋರ್ಡು ಕೆಎಎಸ್, ಪಿಎಸ್‌ಐ ಪರೀಕ್ಷೆಗಳ ಹೆಸರಿನ ಪಕ್ಕದಲ್ಲೇ ಕಾಣುತ್ತದೆ. ಪದದ ಚರಿತ್ರೆಯೂ ನಿಮ್ಮ ತಂದೆಯ ಕಡೆಗೇ ಇದೆ. ಹಂಗೇರಿಯ ಕೋಚ್ ಎಂಬ ಹಳ್ಳಿಯಲ್ಲಿ ತಯಾರಾಗುತ್ತಿದ್ದ ಸಾರೋಟಿಗೆ ಆ ಊರಿನ ಹೆಸರೇ ಅಂಟಿಕೊಂಡಿತು. 1830ರ ಸುಮಾರಿಗೆ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ತಮ್ಮನ್ನು ಹೊತ್ತುಕೊಂಡು ಪರೀಕ್ಷೆ ದಾಟಿಸುವ ಖಾಸಗಿ ಮೇಷ್ಟರನ್ನು ತಮಾಷೆಗೆ ಕೋಚ್ ಎನ್ನತೊಡಗಿದರು. ಆಟದ ಮೈದಾನಕ್ಕೆ ಪದ ಹೋದದ್ದು ಆಮೇಲೆ.

ಕಚೇರಿಗೆ ಬಂದದ್ದಂತೂ ಮೊನ್ನೆ ಮೊನ್ನೆ. ಅಮೆರಿಕದಲ್ಲಿ ಟೆನಿಸ್ ಕಲಿಸುತ್ತಿದ್ದ ಟಿಮೊತಿ ಗಾಲ್ವೆ ಒಂದು ವಿಚಿತ್ರ ಗಮನಿಸಿದರು: ತಾವು ಸೂಚನೆ ಕಡಿಮೆ ಮಾಡಿದಷ್ಟೂ ಶಿಷ್ಯರು ಚೆನ್ನಾಗಿ ಆಡುತ್ತಿದ್ದರು. ‘ಮಣಿಕಟ್ಟು ಹೀಗಿರಲಿ, ಭುಜ ಹಾಗಿರಲಿ’ ಎನ್ನುವ ಬದಲು, ಚೆಂಡು ನೆಲಕ್ಕೆ ತಾಗಿದಾಗ ಒಂದು ಪದ, ರಾಕೆಟ್ಟಿಗೆ ತಾಗಿದಾಗ ಒಂದು ಪದ ಗಟ್ಟಿಯಾಗಿ ಹೇಳಿ ಎಂದರು, ಅಷ್ಟೇ. ಗಮನ ಚೆಂಡಿನ ಮೇಲೆ ನಿಂತಿತು, ಕೈ ತಾನಾಗಿ ಸರಿಹೋಯಿತು. 1974ರಲ್ಲಿ ಅವರು ಇದನ್ನು ಪುಸ್ತಕವಾಗಿ ಬರೆದರು. ಇಂಗ್ಲೆಂಡಿನಲ್ಲಿ ಇದನ್ನು ಕಂಪನಿಗಳ ಕೋಣೆಗೆ ತಂದ ಜಾನ್ ವಿಟ್ಮೋರ್ ಮೊದಲು ಕಾರ್ ರೇಸಿನ ಚಾಲಕರಾಗಿದ್ದವರು. ಪರೀಕ್ಷೆಯ ಕೋಚ್‌ಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಈ ಕೋಚ್‌ಗೆ ಗೊತ್ತಿರುವುದಿಲ್ಲ, ಗೊತ್ತಿದೆ ಎಂದು ನಟಿಸಲೂಬಾರದು. ನಿಮ್ಮ ಶಿಬಿರದ ಮಹನೀಯರು ಮೂರು ಗಂಟೆ ಒಬ್ಬರೇ ಮಾತನಾಡಿದರೆಂದು ಬರೆದಿದ್ದೀರಿ. ಅದು ಉಪನ್ಯಾಸ. ಒಳ್ಳೆಯ ಉಪನ್ಯಾಸವೇ ಇರಬಹುದು.

ಪ್ರಯೋಜನವಿದೆಯೇ ಎಂದು ಕೇಳಿದ್ದೀರಿ. ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ ಎಂಟು ವರ್ಷ ಸ್ವತಂತ್ರವಾಗಿ ಆಪರೇಷನ್ ಮಾಡಿದ ಮೇಲೆ ತಮ್ಮ ಕೈ ಇನ್ನು ಮುಂದಕ್ಕೆ ಸುಧಾರಿಸುತ್ತಿಲ್ಲ ಎನಿಸಿ, ತಮಗೆ ಹಿಂದೆ ಕಲಿಸಿದ್ದ ನಿವೃತ್ತ ಶಸ್ತ್ರವೈದ್ಯರನ್ನು ಆಪರೇಷನ್ ಕೋಣೆಗೆ ಕರೆದರು. ಗುರುಗಳು ಕೈ ಹಾಕಲಿಲ್ಲ. ನೋಡುತ್ತ ನಿಂತು ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ಥೈರಾಯ್ಡ್ ಶಸ್ತ್ರಕ್ರಿಯೆ, ಎಲ್ಲ ಸಲೀಸಾಗಿ ಮುಗಿಯಿತು. ಆಮೇಲೆ ಪಟ್ಟಿ ಹೊರಬಂತು: ನಿನ್ನ ಮೊಣಕೈ ಆಗಾಗ ಭುಜದ ಮಟ್ಟಕ್ಕೆ ಏರುತ್ತದೆ, ಹಾಗೆ ಏರಿದಾಗ ಕೈಯ ನಿಖರತೆ ಹೋಗುತ್ತದೆ. ರೋಗಿಗೆ ಬಟ್ಟೆ ಹೊದಿಸಿದ ರೀತಿ ನಿನಗೆ ಅನುಕೂಲ, ಎದುರಿಗಿದ್ದ ಸಹಾಯಕನ ಎಡಗೈಗೆ ಜಾಗವೇ ಇರಲಿಲ್ಲ. ದೀಪ ಗಾಯದ ಮೇಲಿಂದ ಸರಿದುಹೋಗಿ ಸುಮಾರು ಅರ್ಧ ಗಂಟೆ ನೀನು ಪ್ರತಿಫಲಿಸಿದ ಬೆಳಕಿನಲ್ಲೇ ಕೊಯ್ದೆ. ಇದ್ಯಾವುದೂ ಗವಾಂಡೆಯವರ ಅರಿವಿಗೆ ಬಂದಿರಲಿಲ್ಲ. 2011ರಲ್ಲಿ ಅವರೇ ಇದನ್ನು ಬರೆದುಕೊಂಡರು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತೇವಲ್ಲ, ಕೋಚ್ ಎಂದರೆ ಆ ಬೆನ್ನನ್ನು ನೋಡಿ ಹೇಳುವವರು. ಇಷ್ಟು ಸಿಕ್ಕಿದರೆ ದುಡ್ಡು ದಂಡವಲ್ಲ.

ಆದರೆ ಗವಾಂಡೆಯವರಿಗೆ ತಮ್ಮ ಪ್ರಶ್ನೆ ಏನೆಂದು ಗೊತ್ತಿತ್ತು. ನಿಮಗೆ ಗೊತ್ತಿದೆಯೇ? ‘ಎಕ್ಸಿಕ್ಯೂಟಿವ್ ಪ್ರೆಸೆನ್ಸ್’ ಎಂಬುದನ್ನು ಕನ್ನಡಕ್ಕೆ ತಿರುಗಿಸಲು ಕುಳಿತೆ. ‘ಗತ್ತು’ ಎಂದಷ್ಟೇ ಬಂತು. ಗತ್ತು ಸಾಲದು ಎಂದರೆ ಏನು? ಸಭೆಯಲ್ಲಿ ಮಾತನಾಡುವುದಿಲ್ಲವೆಂದೇ? ಮಾತನಾಡಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲವೆಂದೇ? ಹಾಗಿದ್ದರೆ ಕೋಚ್ ಬೇಕಾಗಿರುವುದು ನಿಮಗೋ ಸಭೆ ನಡೆಸುವವರಿಗೋ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ದೊಡ್ಡ ಕಂಪನಿಗಳಲ್ಲೂ ಉಂಟು. ಯಾರಿಗೂ ಒಂದು ಪೈಸೆ ಕೊಡುವ ಮೊದಲು ಮೇಲಧಿಕಾರಿಯ ಬಳಿ ಹೋಗಿ, ‘ಯಾವ ಸಭೆಯಲ್ಲಿ, ಯಾವ ಮಾತಿನಲ್ಲಿ ನಿಮಗೆ ಹಾಗನಿಸಿತು? ಎರಡು ಉದಾಹರಣೆ ಕೊಡಿ’ ಎಂದು ಕೇಳಿ. ಹಾರಿಕೆಯ ಉತ್ತರ ಬಂದರೆ ಅದೂ ಒಂದು ಉತ್ತರವೇ.

ಇನ್ನು ಆ ಇಬ್ಬರು. ಕಂಪನಿ ಕೊಡುವ ಕೋಚ್‌ಗೆ ಸಂಬಳ ಕಂಪನಿಯದು. ಅದರಲ್ಲಿ ತಪ್ಪೇನಿಲ್ಲ, ಆದರೆ ನೀವು ಅವರೆದುರು ‘ಈ ಕೆಲಸ ಬಿಡಬೇಕೆನಿಸುತ್ತಿದೆ’ ಎಂದರೆ ಆ ಮಾತು ಎಲ್ಲಿಯವರೆಗೆ ಹೋಗುತ್ತದೆ? ನೆಟ್ಟಗೆ ನಡೆಯುವ ಕಡೆ ಮೊದಲೇ ನೀವು, ಕೋಚ್, ಕಂಪನಿ ಮೂವರೂ ಕುಳಿತು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ: ಗುರಿ ಏನು, ಎಷ್ಟು ಭೇಟಿ, ಎಚ್‌ಆರ್ ವಿಭಾಗಕ್ಕೆ ಏನು ತಿಳಿಸಬಹುದು. ಸಾಮಾನ್ಯವಾಗಿ ಗುರಿ ಮತ್ತು ಹಾಜರಿಯಷ್ಟೇ ಆಚೆ ಹೋಗಬೇಕು, ಒಳಗಿನ ಮಾತು ಒಳಗೇ ಉಳಿಯಬೇಕು. ‘ಅದೆಲ್ಲ ನಂಬಿಕೆಯ ಮೇಲೆ ನಡೆಯುತ್ತದೆ ಬಿಡಿ’ ಎಂದರೆ ಬಾಯಿಗೆ ಬೀಗ ಹಾಕಿಕೊಂಡೇ ಹೋಗಿ. ಶಿಬಿರದವರ ರಿಯಾಯಿತಿಯ ಬಗ್ಗೆ ಒಂದೇ ಮಾತು: ಸಂಜೆ ಬಾಳೆಹಣ್ಣಿನ ಬೆಲೆ ಇಳಿಯುವುದು ಬೆಳಗಾದರೆ ಹಣ್ಣು ಕಪ್ಪಾಗುತ್ತದೆಂದು. ಇವರಲ್ಲಿ ತಿಂಗಳ ಕೊನೆಗೆ ಕಪ್ಪಾಗುವಂಥದ್ದು ಏನಿದೆ?

ಆಟೊ ಓಡಿಸಲು ಲೈಸೆನ್ಸ್ ಬೇಕು, ವಕೀಲರಾಗಲು ಸನ್ನದು ಬೇಕು. ಕೋಚ್ ಎಂದು ಬೋರ್ಡು ಹಾಕಲು ನಮ್ಮ ದೇಶದಲ್ಲಿ ಏನೂ ಬೇಕಿಲ್ಲ. ಹಾಗಾಗಿ ಜನ ನೋಡುವುದು 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ನಿನ ಮಾನ್ಯತೆಯನ್ನು. ಎಸಿಸಿ ಎಂಬ ಮೊದಲ ಹಂತಕ್ಕೆ 60 ಗಂಟೆ ಕಲಿಕೆ, 100 ಗಂಟೆ ಕೋಚಿಂಗ್ ಮಾಡಿದ ಅನುಭವ. ಅದರ ಮೇಲಿನ ಪಿಸಿಸಿಗೆ 125 ಮತ್ತು 500. ಎಲ್ಲಕ್ಕಿಂತ ಮೇಲಿನ ಎಂಸಿಸಿಗೆ 200 ಮತ್ತು 2,500. ಮಾನ್ಯತೆ ನಿಜವೇ ಎಂದು ಆ ಸಂಸ್ಥೆಯ ಜಾಲತಾಣದಲ್ಲೇ ಹುಡುಕಿ ನೋಡಬಹುದು. ಇದು ಅಭ್ಯಾಸದ ಲೆಕ್ಕ, ನಿಮಗೆ ಹೊಂದುತ್ತಾರೆಂಬ ಖಾತ್ರಿಯಲ್ಲ. ‘ಸರ್ಟಿಫೈಡ್’ ಎಂದು ಬರೆದುಕೊಂಡವರನ್ನು ‘ಯಾರು ಕೊಟ್ಟದ್ದು, ಎಷ್ಟು ದಿನದ ತರಬೇತಿ’ ಎಂದು ಕೇಳಲು ಸಂಕೋಚ ಬೇಡ. ಮಧ್ಯದಲ್ಲಿ ಬಿಟ್ಟರೆ ಹಣ ಎಷ್ಟು ವಾಪಸ್ ಎಂಬುದನ್ನೂ ಬರಹದಲ್ಲಿ ಪಡೆಯಿರಿ, ರಸೀದಿ ಎತ್ತಿಡಿ. ಕೈಕೊಟ್ಟರೆ ಗ್ರಾಹಕ ಸಹಾಯವಾಣಿ 1915 ಇದೆ.

ಆಯ್ಕೆ ನಿಜವಾಗಿ ಆಗುವುದು ಮೊದಲ ಮಾತುಕತೆಯಲ್ಲಿ. ನಾನು ಈ ಕುರ್ಚಿಗೆ ಹೊಸಬನಾಗಿದ್ದಾಗ ಆಡಳಿತದವರು ನನಗೂ ಒಬ್ಬರನ್ನು ಗೊತ್ತುಮಾಡಿದ್ದರು. ಸಂಚಿಕೆ ಪ್ರತಿ ತಿಂಗಳು ತಡವಾಗುತ್ತಿತ್ತು. ನನಗೆ ಸಮಯಪಾಲನೆ ಬಾರದು ಎಂಬುದು ಆರೋಪ. ಆ ಹಿರಿಯರು ಒಂದು ಮಧ್ಯಾಹ್ನ ನನ್ನ ಮೇಜಿನ ಪಕ್ಕ ಕುಳಿತರು. ನಾನು ಕರಡು ತಿದ್ದುತ್ತಲೇ ಫೋನಿನಲ್ಲಿ ಜಾಹೀರಾತಿನವರೊಡನೆ ಜಗಳವಾಡುವುದನ್ನು, ನಡುವೆ ಚಿತ್ರದ ಅಡಿಬರಹ ಬರೆಯುವುದನ್ನು ನೋಡಿದರು. ಎರಡನೇ ಭೇಟಿಯಲ್ಲಿ, ‘ನಿಮಗೆ ಕೋಚ್ ಬೇಡ, ಒಬ್ಬ ಉಪಸಂಪಾದಕ ಬೇಕು. ನನಗೆ ಕೊಡುವ ಹಣದಲ್ಲಿ ಆರು ತಿಂಗಳ ಸಂಬಳವಾಗುತ್ತದೆ’ ಎಂದು ಆಡಳಿತಕ್ಕೂ ಅದನ್ನೇ ಬರೆದುಕೊಟ್ಟು ಹೋದರು. ಉಪಸಂಪಾದಕರು ಬಂದರು. ಈಗಲೂ ಸಂಚಿಕೆ ಒಮ್ಮೊಮ್ಮೆ ತಡವಾಗುತ್ತದೆ, ಅದು ಬೇರೆ ಮಾತು. ನೀವೂ ಇಬ್ಬರನ್ನೂ ಕೇಳಿ: ‘ಎಂಥವರನ್ನು ನೀವು ಒಪ್ಪಿಕೊಳ್ಳುವುದಿಲ್ಲ? ಕೊನೆಯ ಬಾರಿ ಯಾರನ್ನು ವಾಪಸ್ ಕಳುಹಿಸಿದಿರಿ?’ ಹೆಸರು ಹೇಳಿ ಕಥೆ ಬಿಚ್ಚಿದರೆ ಎದ್ದು ಬನ್ನಿ. ನಾಳೆ ನಿಮ್ಮ ಕಥೆಯೂ ಹಾಗೆಯೇ ಹೋಗುತ್ತದೆ. ಎಲ್ಲರೂ ಬರಬಹುದು ಎಂದರೂ ಎದ್ದು ಬನ್ನಿ.

ಪತ್ರದ ಕೊನೆಗೆ, ಬೇರೆ ಪೆನ್ನಿನಲ್ಲಿ, ನಾಲ್ಕು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಭಾನುವಾರ ಸಂಜೆಯಾದರೆ ಎದೆ ಬಿಗಿಯುತ್ತದೆ ಎಂದು ಸೇರಿಸಿದ್ದೀರಿ. ಇದಕ್ಕೆ ಕೋಚ್ ಬಳಿ ಹೋಗಬೇಡಿ. ಬಲ್ಲ ಕೋಚ್ ಆದರೆ ಅವರೇ ನಿಮ್ಮನ್ನು ವೈದ್ಯರ ಕಡೆ ಕಳುಹಿಸುತ್ತಾರೆ. ಮೊದಲು ವೈದ್ಯರಿಗೆ ಎದೆ ತೋರಿಸಿ, ಅಲ್ಲಿಂದ ಅಗತ್ಯವಿದ್ದರೆ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. 1.80 ಲಕ್ಷದ ಪ್ರಶ್ನೆ ಅದಾದ ಮೇಲೆ. ತಿಂಗಳ ಕೊನೆ ದಾಟಿದರೆ ದಾಟಲಿ.

ಮೇಲಧಿಕಾರಿ ಆ ಎರಡು ಉದಾಹರಣೆ ಕೊಟ್ಟರೆ ನನಗೂ ಬರೆಯಿರಿ, ಗತ್ತಿಗೆ ಇನ್ನೊಂದು ಕನ್ನಡ ಪದ ಸಿಕ್ಕರೂ ಸಿಗಬಹುದು. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

– ಸಂ.