ಶಾಸ್ತ್ರೀಯ ಸಂಗೀತ ಕೇಳೋಕೆ ಟವರ್ ಸ್ಪೀಕರ್ ಬೇಕಾ, ಬುಕ್‌ಶೆಲ್ಫ್ ಸಾಕಾ?

ಹೀಗಂತ ಕೇಳಿ ನೀವು ಬರೆದ ಪತ್ರ ಓದಿದೆ. ನಿಮ್ಮದು 12 ಅಡಿ ಉದ್ದ, 10 ಅಡಿ ಅಗಲದ ಕೋಣೆ. ಕೇಳೋದು ಜಾಸ್ತಿ ಶಾಸ್ತ್ರೀಯ ಸಂಗೀತ. ಅಂಗಡಿಯಲ್ಲಿ ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರ್ ಕೇಳಿ ಮರುಳಾಗಿದ್ದೀರಿ, ಪಕ್ಕದ ಚಿಕ್ಕ ಬುಕ್‌ಶೆಲ್ಫ್ ಸಪ್ಪೆ ಅನಿಸಿದೆ. ಓದುತ್ತಾ ಇದ್ದರೆ ನನ್ನ ಕಥೆಯನ್ನೇ ಓದಿದ ಹಾಗಾಯಿತು. ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಕೊಡಬೇಡಿ, ಸ್ವಲ್ಪ ತಡೀರಿ.

ನನ್ನ ಕೋಣೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅಂಗಡಿಯಲ್ಲಿ ಸೊಂಟದೆತ್ತರದ ಟವರ್ ಒಂದು ಜೋಡಿ, ಸ್ಟ್ಯಾಂಡ್ ಮೇಲೆ ಚಿಕ್ಕ ಬುಕ್‌ಶೆಲ್ಫ್ ಒಂದು ಜೋಡಿ. ಅಂಗಡಿಯವರು ರಿಮೋಟ್ ಒತ್ತಿ ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಬದಲಾಯಿಸುತ್ತಾ ಹೋದರು. ಹಾಡು ಅವರೇ ಆರಿಸಿದ್ದು. ಗಿಟಾರ್, ಒಂದು ಹೆಣ್ಣುದನಿ, ನಡುನಡುವೆ ಎದೆಗೆ ಗುದ್ದುವ ಡ್ರಮ್. ಟವರ್ ಹತ್ತಿದಾಗೆಲ್ಲ ಕೋಣೆ ತುಂಬಿಬಿಡುತ್ತಿತ್ತು. ಚಿಕ್ಕದಕ್ಕೆ ಬಂದರೆ ಹಾಡು ಕುಗ್ಗಿಹೋಗುತ್ತಿತ್ತು. ಇನ್ನೇನು ಯೋಚನೆ ಮಾಡೋದು ಅಂತ ಟವರನ್ನೇ ಹೊತ್ತು ತಂದೆ.

ಯಾಮಾರಿದ್ದು ಅಲ್ಲೇ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನೀವೂ ಇದೇ ಜಾಗದಲ್ಲಿ ನಿಂತಿದ್ದೀರಿ.

ಪ್ರತಿ ಸ್ಪೀಕರ್‌ಗೂ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 2.83 ವೋಲ್ಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನೋ ಲೆಕ್ಕ ಅದು. ನಾನು ಕೇಳಿದ ಟವರ್‌ದು 91, ಚಿಕ್ಕದರದು 86. ಅಂಗಡಿಯವರು ವಾಲ್ಯೂಮ್ ಮುಟ್ಟದೆ ಸುಮ್ನೆ ಬದಲಾಯಿಸುತ್ತಾ ಇದ್ದರು. ಅಂದರೆ ಟವರ್ ಪ್ರತಿ ಸಲ 5 ಡೆಸಿಬೆಲ್ ಜೋರಾಗಿ ನುಡಿಯುತ್ತಿತ್ತು. ಆ ಚಿಕ್ಕದು ಅದರ ಸಮಕ್ಕೆ ಬರಬೇಕಾದರೆ ಆಂಪ್ಲಿಫೈಯರ್ ಮೂರು ಪಟ್ಟು ಪವರ್ ಕೊಡಬೇಕು! 5 ಡೆಸಿಬೆಲ್ ಜೋರು ಅಂದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಗೊತ್ತಾಗುತ್ತೆ, ಆದರೆ ಜೋರು ಅಂತ ಅಲ್ಲ. ಒಂದೇ ಹಾಡು ಸ್ವಲ್ಪ ಜೋರಾಗಿ ಬಂದರೂ ನಮಗೆ ಅದು ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಅನಿಸುತ್ತದೆ. ಜೊತೆಗೆ ಸದ್ದು ಕಡಿಮೆಯಾದಷ್ಟೂ ಕಿವಿಗೆ ಬಾಸ್ ಕೇಳೋದು ಇನ್ನೂ ಕಡಿಮೆಯಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ಅಮೆರಿಕದ ಸಂಶೋಧಕರು 1933ರಲ್ಲೇ ಇದನ್ನ ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರಾಗಿರೋ ಸ್ಪೀಕರ್‌ಗೆ ಬಾಸ್ ಕೂಡ ಪುಕ್ಕಟೆ ಸಿಕ್ಕಿಬಿಡುತ್ತದೆ. ನಾನು ಕೇಳಿ ಮೆಚ್ಚಿದ್ದು ಸ್ಪೀಕರನ್ನಲ್ಲ, ಆ 5 ಡೆಸಿಬೆಲನ್ನ.

ಮನೆಗೆ ಬಂದ ಮೇಲೆ ವಾಲ್ಯೂಮ್ ನಾಬ್ ನಮ್ಮ ಕೈಯಲ್ಲೇ ಇರುತ್ತಲ್ಲ. ಹಿತವಾದಲ್ಲಿಗೆ ತಿರುಗಿಸಿಕೊಂಡೆ. ಅಲ್ಲಿಗೆ ಆ ಲಾಭ ಸೊನ್ನೆ. ಉಳಿದದ್ದು ಸ್ಪೀಕರಿನ ನಿಜವಾದ ಗುಣ.

ಮೊದಲು ಹಾಕಿದ್ದು ಒಂದು ಪಿಟೀಲು ಕಚೇರಿ. ತಂಬೂರಿಯ ಜೀವ ಇರೋದು ಬರೀ ಮೂಲ ಸ್ವರದಲ್ಲಲ್ಲ. ತಂತಿಗಳನ್ನ ಹೊರುವ ಕುದುರೆಗೂ (ಬ್ರಿಡ್ಜ್) ತಂತಿಗೂ ನಡುವೆ ಸಿಕ್ಕಿಸುವ ಆ ದಾರದಿಂದ ಏಳುತ್ತಲ್ಲ, ಮೂಲ ಸ್ವರದ ಜೊತೆಯೇ ಹುಟ್ಟುವ ಮೇಲಿನ ಹಾರ್ಮೋನಿಕ್‌ಗಳು, ಅವುಗಳಲ್ಲಿ. ಸಿ.ವಿ. ರಾಮನ್ 1920ರ ಸುಮಾರಿಗೆ ತಂಬೂರಿ, ವೀಣೆ, ಮೃದಂಗಗಳ ಈ ನಾದವನ್ನೇ ಹಿಡಿದು ಅಭ್ಯಾಸ ಮಾಡಿದ್ದರು. ನನ್ನ ಟವರಿನಲ್ಲಿ ಟ್ರೆಬಲ್ (ಮೇಲಿನ ಸ್ವರಗಳು) ಬೇಕಂತಲೇ ಎತ್ತಿಟ್ಟಿದ್ದರಿಂದ ಆ ಹಾರ್ಮೋನಿಕ್‌ಗಳು ಮಾತ್ರ ಮುಂದೆ ಬಂದು, ಕಿವಿಯ ಹತ್ತಿರ ಸೊಳ್ಳೆ ಸುತ್ತಿದ ಹಾಗೆ ಕೇಳುತ್ತಿತ್ತು. ಪಿಟೀಲಿನಲ್ಲಿ ಸ್ವರಕ್ಕಿಂತ ಕಮಾನಿನ ಕರಕರವೇ ಜಾಸ್ತಿ. ಮೃದಂಗದ ಎಡ ಮುಚ್ಚಿಗೆಯಲ್ಲಿ ಗುಮ್ಕಿ ನುಡಿಸಿದಾಗ ಸ್ವರ ಕೆಳಗಿಂದ ಬಾಗಿ ಮೇಲೇರೋದು ಕೇಳಬೇಕು. ನನ್ನ ಕೋಣೆಯಲ್ಲಿ ಕೇಳಿದ್ದು ಒಂದೇ ಥರದ ಗುಂಯ್.

ಆ ಗುಂಯ್‌ಗೆ ಸ್ಪೀಕರ್ ಒಂದೇ ಕಾರಣ ಅಲ್ಲ, ಕೋಣೆಯೂ ಕಾರಣ. ಎದುರುಬದುರು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಹಾಕಿಕೊಂಡು ಉಬ್ಬುತ್ತವೆ. ಲೆಕ್ಕ ಸುಲಭ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಜ್ (ಅಂದರೆ ಸೆಕೆಂಡಿಗೆ 47 ಕಂಪನ), 10 ಅಡಿಗೆ ಸುಮಾರು 56 ಹರ್ಟ್ಜ್ ಬರುತ್ತದೆ. ಒಂದು ಆರ್ಕೆಸ್ಟ್ರಾ ರೆಕಾರ್ಡಿಂಗ್ ಹಾಕಿದಾಗ ಇದು ಕಿವಿಗೇ ಸಿಕ್ಕಿತು. ಡಬಲ್ ಬಾಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾ ಬರುತ್ತದೆ, ಎಲ್ಲ ಸ್ವರವೂ ಸರಿ, 55 ಹರ್ಟ್ಜ್‌ನ ಸ್ವರ ಬಂದಾಗ ಮಾತ್ರ ಕಿಟಕಿಯ ಗಾಜು ನಡುಗುತ್ತದೆ. ಮುಂದಿನ ಸ್ವರಕ್ಕೆ ಮತ್ತೆ ಸುಮ್ಮನಾಗುತ್ತದೆ. ಸಾಲದ್ದಕ್ಕೆ ಜಾಗ ಇಲ್ಲ ಅಂತ ಟವರನ್ನ ಮೂಲೆಗೆ ತಳ್ಳಿದ್ದೆ. ಗೋಡೆಗೆ ಒರಗಿಸಿದರೇ ಬಾಸ್ ಸುಮಾರು 6 ಡೆಸಿಬೆಲ್ ತನಕ ಏರಬಹುದು, ಮೂಲೆಯಲ್ಲಿ ಅದಕ್ಕೂ ಜಾಸ್ತಿ. ಹಿಂದಿನ ಪೋರ್ಟಿಗೆ, ಅಂದರೆ ಬಾಸ್ ಹೆಚ್ಚಲಿ ಅಂತ ಡಬ್ಬಿಗೆ ಇಟ್ಟಿರೋ ತೂತಿಗೆ, ಸ್ಪಂಜ್ ತುರುಕಿದೆ. ದಪ್ಪ ಪರದೆ ಹಾಕಿದೆ. ಪರದೆಯಿಂದ ಕರಕರ ಸ್ವಲ್ಪ ತಗ್ಗಿತು, ಗುಂಯ್ ಜಗ್ಗಲಿಲ್ಲ. ಅಷ್ಟು ಕೆಳಗಿನ ಸ್ವರಕ್ಕೆ ಬಟ್ಟೆ ಯಾವ ಲೆಕ್ಕ!

ಕೊನೆಗೆ ಒಬ್ಬ ಗೆಳೆಯ ತನ್ನ ಹಳೇ ಬುಕ್‌ಶೆಲ್ಫ್ ಜೋಡಿ ತಂದ. ಪೋರ್ಟ್ ಇಲ್ಲದ, ಪೂರ್ತಿ ಮುಚ್ಚಿದ ಡಬ್ಬಿ. ಫೋನಿನಲ್ಲಿ ಡೆಸಿಬೆಲ್ ಅಳೆಯೋ ಆಪ್ ಹಾಕಿಕೊಂಡು, ಪಿಂಕ್ ನಾಯ್ಸ್ (ಮಳೆ ಸುರಿದಂತೆ ಕೇಳುವ, ಅಳತೆಗಂತ ಬಳಸುವ ಸದ್ದು) ನುಡಿಸಿ, ಎರಡೂ ಜೋಡಿಯ ಸದ್ದನ್ನ ನಾನು ಕೂರುವ ಜಾಗದಲ್ಲಿ ಒಂದೇ ಸಮ ಮಾಡಿದ. ನನ್ನನ್ನ ಕಣ್ಣು ಮುಚ್ಚಿ ಕೂರಿಸಿ ಬದಲಾಯಿಸುತ್ತಾ ಹೋದ. ನಾನು ಪ್ರತಿ ಸಲ ಆರಿಸಿದ್ದು ಆ ಹಳೇ ಡಬ್ಬಿಯನ್ನೇ. ನಂಬೋಕಾಗದೆ ವೈರ್ ಹಿಡಿದು ನೋಡಿದೆ! ಟವರನ್ನ ಅರ್ಧ ಬೆಲೆಗೆ ಕೊಟ್ಟು ಕೈತೊಳೆದುಕೊಂಡೆ.

ಚಿಕ್ಕದು ಗೆದ್ದದ್ದಕ್ಕೆ ಕಾರಣ ಇದೆ. ಮುಚ್ಚಿದ ಡಬ್ಬಿಯಲ್ಲಿ ಬಾಸ್ ಒಂದು ಹಂತದಿಂದ ಕೆಳಗೆ ನಿಧಾನಕ್ಕೆ ಇಳಿಯುತ್ತದೆ, ಒಂದು ಸ್ಥಾಯಿಗೆ ಸುಮಾರು 12 ಡೆಸಿಬೆಲ್‌ನಂತೆ. ಪೋರ್ಟ್ ಇರೋದರಲ್ಲಿ ಆ ಹಂತದ ತನಕ ದಂಡಿಯಾಗಿ ಬಂದು ಆಮೇಲೆ 24 ಡೆಸಿಬೆಲ್‌ನಂತೆ ಧಡಕ್ಕನೆ ಬೀಳುತ್ತದೆ. ಚಿಕ್ಕ ಕೋಣೆ ಕೆಳಗಿನ ಸ್ವರಗಳನ್ನ ಹೇಗೂ ಉಬ್ಬಿಸುತ್ತದೆ. ಆ ಡಬ್ಬಿ ಬಿಟ್ಟದ್ದನ್ನ ಕೋಣೆ ತುಂಬಿಕೊಟ್ಟಿತು. ಟವರಿನ ಭರ್ತಿ ಬಾಸ್ ಮೇಲೆ ಕೋಣೆ ಇನ್ನಷ್ಟು ಸುರಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. 'ಶಾಸ್ತ್ರೀಯ ಸಂಗೀತಕ್ಕೆ ಯಾವ ಸ್ಪೀಕರ್' ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಸ್ಪೀಕರ್‌ಗೆ ರಾಗ ಗೊತ್ತಿಲ್ಲ, ರಾಕ್ ಗೊತ್ತಿಲ್ಲ. ಫ್ಲಾಯ್ಡ್ ಟೂಲ್ ಅಂತ ಕೆನಡಾದ ಸಂಶೋಧಕರು ವರ್ಷಗಟ್ಟಲೆ ಜನರಿಗೆ ಸ್ಪೀಕರ್ ತೋರಿಸದೆ ಕೇಳಿಸಿ ಪರೀಕ್ಷೆ ಮಾಡಿದರು. ಜನ ಮೆಚ್ಚಿದ್ದು ಎದುರಿಗೆ ಏರುಪೇರಿಲ್ಲದೆ, ಪಕ್ಕಕ್ಕೂ ನಯವಾಗಿ ನುಡಿಯುವ ಸ್ಪೀಕರನ್ನ. ಕಣ್ಣಿಗೆ ಕಂಡಾಗ ಮಾತ್ರ ಗಾತ್ರ, ಹೆಸರು, ಬೆಲೆ ನೋಡಿ ಅಭಿಪ್ರಾಯ ಬದಲಾಗುತ್ತಿತ್ತು. ಶಾಸ್ತ್ರೀಯ ಸಂಗೀತದಲ್ಲಿ ಇರೋ ವ್ಯತ್ಯಾಸ ಇಷ್ಟೇ: ಪಿಟೀಲು, ಪಿಯಾನೋ ನಿಜಕ್ಕೂ ಹೇಗಿರುತ್ತೆ ಅಂತ ಕಿವಿಗೆ ಗೊತ್ತಿರೋದರಿಂದ ಸ್ಪೀಕರಿನ ಸುಳ್ಳು ಬೇಗ ಸಿಕ್ಕಿಬೀಳುತ್ತದೆ. (ಮೈಕ್ ಇಲ್ಲದೆ ಪಿಟೀಲು ಕೇಳಿದ್ದೀರಾ? ಇಲ್ಲ ಅಂದರೆ ಸ್ಪೀಕರ್‌ಗಿಂತ ಮೊದಲು ಅದನ್ನ ಕೇಳಿ ಬನ್ನಿ.)

ಚಿಕ್ಕದರಲ್ಲಿ ಬಾಸ್ ಸಾಕಾಗುತ್ತಾ ಅನ್ನೋ ಭಯ ಬಿಡಿ. ಗಂಡುದನಿಯ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ ಸುಮಾರು 65ರಿಂದ 70 ಹರ್ಟ್ಜ್. ಚೆಲ್ಲೋ ಕೆಳಗಿಳಿದರೆ 65. ಪಾಶ್ಚಾತ್ಯ ಪದ್ಧತಿಯಲ್ಲಿ ಶ್ರುತಿ ಮಾಡಿದ ಪಿಟೀಲು 196ಕ್ಕಿಂತ ಕೆಳಗೆ ಹೋಗೋದೇ ಇಲ್ಲ. 55-60ರ ತನಕ ನೆಟ್ಟಗೆ ನುಡಿಯುವ ಬುಕ್‌ಶೆಲ್ಫ್ ನಿಮ್ಮ ಕೋಣೆಗೆ ಸಾಕು. 1970ರ ದಶಕದಲ್ಲಿ ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕೇಳೋಕಂತ ಮಾಡಿಸಿದ ಎಲ್‌ಎಸ್3/5ಎ ಇಂಥದೇ ಒಂದು ಪುಟ್ಟ ಮುಚ್ಚಿದ ಡಬ್ಬಿ, ಅದರ ದನಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. ಚರ್ಚ್ ಆರ್ಗನ್, ದೊಡ್ಡ ಸಿಂಫನಿ ಜಾಸ್ತಿ ಕೇಳ್ತೀರಾದರೆ ಆಮೇಲೆ ಬರೀ ಬಾಸ್ ನುಡಿಸೋಕಂತಲೇ ಇರೋ ಒಂದು ಚಿಕ್ಕ ಸಬ್‌ವೂಫರ್ ಸೇರಿಸಿಕೊಳ್ಳಿ. ಅದನ್ನ ಕೋಣೆಯಲ್ಲಿ ಬೇರೆ ಬೇರೆ ಕಡೆ ಸರಿಸಿ ಸರಿಹೋಗೋ ಜಾಗ ಹುಡುಕಬಹುದು, ಟವರಿನ ಬಾಸನ್ನ ಹಾಗೆ ಸರಿಸೋಕಾಗಲ್ಲ.

ಅಂಗಡಿಗೆ ನಿಮ್ಮ ರೆಕಾರ್ಡಿಂಗ್ ತಗೊಂಡು ಹೋಗಿ. ಒಂದು ಒಂಟಿ ದನಿ, ಒಂದು ಪಿಯಾನೋ, ಮೃದಂಗದ ತನಿ ಆವರ್ತನ ಒಂದು. ಫೋನಿನಲ್ಲಿ ಸದ್ದು ಅಳೆದು ಸಮ ಮಾಡಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಬೇರೆ ಅಂಗಡಿ ನೋಡಿ. ಮನೆಗೆ ತಂದು ವಾಪಸ್ ಕೊಡೋ ಅವಕಾಶ ಇದ್ದರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಹಿಂದಿನ ಗೋಡೆಯಿಂದ ಎರಡಡಿಯಾದರೂ ಬಿಡಿ, ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಬರಲಿ, ಎರಡು ಸ್ಪೀಕರ್ ಮತ್ತು ನೀವು ಸಮ ತ್ರಿಕೋನದಲ್ಲಿರಿ.

ಕೇಬಲ್ ಬಗ್ಗೆ ಬೇರೆ ಕೇಳಿದ್ದೀರಿ. ಸಾಧಾರಣ ದಪ್ಪದ ತಾಮ್ರದ ವೈರ್ ತಗೊಳ್ಳಿ, ಮುಗೀತು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ ಅಂತ ಮಾತ್ರ ಎರಡು ಸಲ ನೋಡಿ. ಒಂದು ಕಡೆ ಅದಲುಬದಲಾದರೆ ಬಾಸ್ ಮಾಯವಾಗುತ್ತದೆ, ನಡುವೆ ಕೂತು ಹಾಡಬೇಕಾದವರು ಎಲ್ಲಿದ್ದಾರೆ ಅಂತಲೇ ಗೊತ್ತಾಗಲ್ಲ.