ಕರುಳಿನಲ್ಲಿ ದೊಡ್ಡ ಚಪ್ಪಟೆ ಪಾಲಿಪ್ ಇದೆ, ಆಪರೇಷನ್ ಇಲ್ಲದೆ ತೆಗೆಯಬಹುದೇ?

ನಿಮ್ಮ ತಂದೆಯವರ ದೊಡ್ಡ ಕರುಳಿನ ಬಲಭಾಗದಲ್ಲಿ 3.5 ಸೆಂ.ಮೀ. ಚಪ್ಪಟೆ ಪಾಲಿಪ್ (ಕರುಳಿನ ಒಳಪದರದಲ್ಲಿ ಬೆಳೆಯುವ ಗಡ್ಡೆ) ಸಿಕ್ಕಿದೆ, ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿಲ್ಲ, ಆದರೂ ಕರುಳಿನ ಆ ಭಾಗವನ್ನೇ ಕತ್ತರಿಸಬೇಕು ಎಂದಿದ್ದಾರೆ, ಎಂಡೋಸ್ಕೋಪಿಯಲ್ಲೇ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ, ಅಂದರೆ ಸ್ಕೋಪ್ ಇಳಿಸಿ) ತೆಗೆಯಲು ಆಗುತ್ತದೆಯೇ ಎಂದು ಕೇಳಿದ್ದೀರಿ.

ಬಹುಮಟ್ಟಿಗೆ ಆಗುತ್ತದೆ. ಪಾಲಿಪ್ ದೊಡ್ಡದು ಎಂಬ ಒಂದೇ ಕಾರಣಕ್ಕೆ ಕರುಳು ಕತ್ತರಿಸಬೇಕಾಗಿಲ್ಲ. ಆಳಕ್ಕೆ ಇಳಿದ ಕ್ಯಾನ್ಸರಿನ ಲಕ್ಷಣ ಇಲ್ಲದಿದ್ದರೆ ಎಂಡೋಸ್ಕೋಪಿಯೇ ಮೊದಲ ಆಯ್ಕೆ. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಇಂಥ ಪಾಲಿಪ್ ಪೂರ್ತಿಯಾಗಿ ಹೋಗುವ ಅವಕಾಶ ಮೊದಲ ಪ್ರಯತ್ನದಲ್ಲೇ ಹೆಚ್ಚು. ಅರ್ಧ ತೆಗೆದು ಬಿಟ್ಟರೆ ಆ ಜಾಗ ಗಾಯ ಮಾಯುವಾಗ ಗಟ್ಟಿಯಾಗಿ ತಳಕ್ಕೆ ಅಂಟಿಕೊಳ್ಳುತ್ತದೆ, ಮುಂದಿನವರ ಕೆಲಸ ಹಲವು ಪಟ್ಟು ಕಷ್ಟವಾಗುತ್ತದೆ. ಹಾಗಾಗಿ ಇದನ್ನು ಆಗಾಗ ಅಲ್ಲ, ನಿಯಮಿತವಾಗಿ ಮಾಡುವವರ ಬಳಿಗೇ ಹೋಗಿ. ಅವಸರವಿಲ್ಲ. ಇಂಥ ಗಡ್ಡೆ ಬೆಳೆಯಲು ವರ್ಷಗಳು ಹಿಡಿದಿರುತ್ತವೆ, ಸರಿಯಾದ ವೈದ್ಯರಿಗಾಗಿ ಕೆಲವು ವಾರ ಕಾದರೆ ನಷ್ಟವಿಲ್ಲ.

ಕಷ್ಟದ ಪಾಲಿಪ್ ಅನ್ನುವುದು ಬರೀ ಗಾತ್ರದ ಮಾತಲ್ಲ. ಆಕಾರ, ಇರುವ ಜಾಗ, ಸ್ಕೋಪ್ ಅಲ್ಲಿ ಸ್ಥಿರವಾಗಿ ನಿಲ್ಲುತ್ತದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಮಡಿಕೆಯ ಹಿಂದೆ ಅಡಗಿದ 2 ಸೆಂ.ಮೀ. ಪಾಲಿಪ್, ಎದುರಿಗೇ ಕಾಣುವ 4 ಸೆಂ.ಮೀ. ಪಾಲಿಪ್‌ಗಿಂತ ಹೆಚ್ಚು ಕಾಡಬಹುದು. ಅಪೆಂಡಿಕ್ಸ್ ಬಾಯಿಯ ಸುತ್ತ ಇರುವುದು, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕವಾಟದ ಮೇಲೆ ಹಬ್ಬಿರುವುದು, ಹಿಂದೆ ಯಾರೋ ತೆಗೆಯಲು ಹೋಗಿ ಬಿಟ್ಟಿರುವುದು, ಇವು ಮೂರೂ ನಿಜಕ್ಕೂ ಕಠಿಣ.

ತೆಗೆಯುವ ಮೊದಲು ನೋಡುವುದೇ ದೊಡ್ಡ ಕೆಲಸ. ಬಯಾಪ್ಸಿಯಲ್ಲಿ ಸಿಗುವುದು ಒಂದೆರಡು ಚೂರು ಮಾತ್ರ, ಅದರಲ್ಲಿ ಕ್ಯಾನ್ಸರ್ ಇಲ್ಲ ಎಂದರೆ ಇಡೀ ಪಾಲಿಪ್‌ನಲ್ಲಿ ಇಲ್ಲ ಎಂದು ಖಚಿತವಾಗುವುದಿಲ್ಲ. ಮೇಲ್ಮೈಯನ್ನು ಹತ್ತಿರದಿಂದ, ವಿಶೇಷ ಬೆಳಕಿನಲ್ಲಿ ನೋಡಿ ರಕ್ತನಾಳಗಳ ಮತ್ತು ಗ್ರಂಥಿಗಳ ವಿನ್ಯಾಸ ಓದಿದರೆ ಅದಕ್ಕಿಂತ ಹೆಚ್ಚು ತಿಳಿಯುತ್ತದೆ. ಸಣ್ಣ ಸಣ್ಣ ಹರಳಿನಂತೆ ಒಂದೇ ಸಮನಾಗಿ ಇರುವ ಚಪ್ಪಟೆ ಗಡ್ಡೆಯಲ್ಲಿ ಕ್ಯಾನ್ಸರ್ ಅಪರೂಪ. ನುಣುಪಾಗಿದ್ದು ನಡುವೆ ಕುಳಿ ಬಿದ್ದಿದ್ದರೆ, ವಿನ್ಯಾಸ ಅಳಿಸಿಹೋಗಿದ್ದರೆ ಎಚ್ಚರ ಬೇಕು. ಮತ್ತೆ ಮತ್ತೆ ಬಯಾಪ್ಸಿ ಮಾಡಿಸಬೇಡಿ. ಪ್ರತಿ ಚುಚ್ಚುವಿಕೆಯೂ ತಳದಲ್ಲಿ ಗಟ್ಟಿ ಕಲೆ ಬಿಡುತ್ತದೆ. ಜಾಗ ಗುರುತಿಸಲು ಹಾಕುವ ಕಪ್ಪು ಶಾಯಿಯೂ ಅಷ್ಟೇ: ಪಾಲಿಪ್‌ನಿಂದ 2-3 ಸೆಂ.ಮೀ. ದೂರವಿರಬೇಕು, ಅಡಿಯಲ್ಲಿ ಹರಡಬಾರದು. ಮೊದಲ ಕೊಲೊನೋಸ್ಕೋಪಿಯ ಫೋಟೊ, ವಿಡಿಯೊ ಇದ್ದರೆ ಕೇಳಿ ಪಡೆದು ಜೊತೆಗೆ ಒಯ್ಯಿರಿ. ಬರೆದ ರಿಪೋರ್ಟಿಗಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಈಗ ವಿಧಾನ. ಹೆಚ್ಚಿನವರಿಗೆ ಮಾಡುವುದು ಇಎಂಆರ್ (ಎಂಡೋಸ್ಕೋಪಿಕ್ ಮ್ಯುಕೋಸಲ್ ರಿಸೆಕ್ಷನ್), ಅಂದರೆ ಪಾಲಿಪ್ ಅನ್ನು ದ್ರವದಿಂದ ಮೇಲೆತ್ತಿ ಕುಣಿಕೆಯಿಂದ ಕತ್ತರಿಸುವುದು. ಕರುಳಿನ ಗೋಡೆಯ ಒಳಗಿನ ಪದರ ಲೋಳೆಪೊರೆ. ಪಾಲಿಪ್ ಹುಟ್ಟುವುದು ಅಲ್ಲೇ. ಅದರಡಿ ಸಡಿಲವಾದ ಸಬ್‌ಮ್ಯುಕೋಸಾ, ಅದರಡಿ ಸ್ನಾಯು. ಬಲಭಾಗದಲ್ಲಿ ಗೋಡೆ ಪೂರ್ತಿ ಸೇರಿದರೂ ದಪ್ಪ ಕೆಲವೇ ಮಿಲಿಮೀಟರ್. ಸ್ಕೋಪ್ ಮೂಲಕ ಸೂಜಿ ಇಳಿಸಿ ಸಬ್‌ಮ್ಯುಕೋಸಾಕ್ಕೆ ದ್ರವ ತುಂಬಿದಾಗ ಪಾಲಿಪ್ ಗುಳ್ಳೆಯಂತೆ ಮೇಲೇಳುತ್ತದೆ, ಸ್ನಾಯು ಕೆಳಗೆ ದೂರ ಉಳಿಯುತ್ತದೆ. ದ್ರವ ಅಂದರೆ ಸಲೈನ್, ಅಥವಾ ಹೆಚ್ಚು ಹೊತ್ತು ನಿಲ್ಲುವ ಜೆಲಟಿನ್ ದ್ರಾವಣ. ಅದಕ್ಕೆ ನೀಲಿ ಬಣ್ಣ, ಬೇಕಿದ್ದರೆ 1:1,00,000 ಪ್ರಮಾಣದಲ್ಲಿ ಅಡ್ರಿನಲಿನ್. ನೀಲಿ ಬಣ್ಣ ಅಲಂಕಾರಕ್ಕಲ್ಲ. ಸಬ್‌ಮ್ಯುಕೋಸಾ ಬಣ್ಣ ಹೀರುತ್ತದೆ, ಸ್ನಾಯು ಹೀರುವುದಿಲ್ಲ. ಹಾಗಾಗಿ ಕತ್ತರಿಸಿದ ಮೇಲೆ ತಳವೆಲ್ಲ ತಿಳಿನೀಲಿಯಾಗಿದ್ದರೆ ನೆಮ್ಮದಿ. ನಡುವೆ ಬಿಳಿ ಚಕ್ರದಂತೆ ಕಂಡರೆ ಸ್ನಾಯುವಿಗೆ ಪೆಟ್ಟು ಬಿದ್ದಿದೆ ಎಂದರ್ಥ, ಆ ಜಾಗವನ್ನು ಆಗಲೇ ಕ್ಲಿಪ್ ಹಾಕಿ ಮುಚ್ಚಬೇಕು.

ಎದ್ದ ಪಾಲಿಪ್‌ಗೆ ತಂತಿಯ ಕುಣಿಕೆ, ಅಂದರೆ ಸ್ನೇರ್ ಹಾಕಿ, 2-3 ಮಿ.ಮೀ. ಒಳ್ಳೆಯ ಲೋಳೆಪೊರೆಯನ್ನೂ ಸೇರಿಸಿ ಬಿಗಿದು ಕರೆಂಟ್ ಕೊಟ್ಟು ಕತ್ತರಿಸುತ್ತಾರೆ. ಕರೆಂಟ್ ಕೊಡುವ ಮುಂಚೆ ಹಿಡಿದದ್ದನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡುವುದು ಕಡ್ಡಾಯ. ಗೋಡೆಯಿಂದ ಬೇರೆಯಾಗಿ ಸರಾಗವಾಗಿ ಅಲ್ಲಾಡಿದರೆ ಸರಿ, ಗೋಡೆಯೇ ಜೊತೆಗೆ ಬಂದರೆ ಕುಣಿಕೆ ಸಡಿಲಿಸಿ ಮತ್ತೆ ಹಿಡಿಯಬೇಕು. 3.5 ಸೆಂ.ಮೀ. ಗಡ್ಡೆಯನ್ನು ಒಂದೇ ಸಲಕ್ಕೆ ಹಿಡಿಯಲು ಹೋಗಬಾರದು, ತುಂಡು ತುಂಡಾಗಿ ತೆಗೆಯಬೇಕು. ಪ್ರತಿ ತುಂಡೂ ಹಿಂದಿನ ತುಂಡಿನ ಅಂಚಿಗೆ ತಾಗಿಕೊಂಡೇ ಬರಬೇಕು, ನಡುವೆ ದ್ವೀಪ ಉಳಿದರೆ ಮತ್ತೆ ಬೆಳೆಯುವುದು ಅಲ್ಲಿಂದಲೇ.

ಕಣ್ಣಿಗೆ ಕಾಣದ ಉಳಿಕೆ ಇರುವುದು ಅಂಚಿನಲ್ಲಿ. ಆದ್ದರಿಂದ ಪೂರ್ತಿ ತೆಗೆದ ಮೇಲೆ ಸ್ನೇರ್‌ನ ತುದಿಯಿಂದ ಸುತ್ತ ಅಂಚನ್ನು ಸುಡುತ್ತಾರೆ. 2019ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಇಷ್ಟು ಮಾಡಿದ್ದರಿಂದಲೇ ಮರಳಿ ಬರುವ ಪ್ರಮಾಣ ಶೇ. 21ರಿಂದ ಶೇ. 5ರ ಆಸುಪಾಸಿಗೆ ಇಳಿಯಿತು. ಕೆಲವೇ ನಿಮಿಷದ ಕೆಲಸ, ಇದನ್ನು ಬಿಡುವುದಕ್ಕೆ ಕಾರಣವೇ ಇಲ್ಲ. ಬಯಾಪ್ಸಿಯಲ್ಲಿ ಸೆರೇಟೆಡ್ ಜಾತಿಯ (ಸೂಕ್ಷ್ಮದರ್ಶಕದಲ್ಲಿ ಗರಗಸದ ಹಲ್ಲಿನಂತೆ ಕಾಣುವ) ಪಾಲಿಪ್ ಎಂದು ಬಂದಿದ್ದರೆ ಲೆಕ್ಕ ಬೇರೆ. ಅದನ್ನು ಕರೆಂಟ್ ಇಲ್ಲದೆ ಬರೀ ಸ್ನೇರ್‌ನಿಂದ ಕತ್ತರಿಸಬಹುದು, ಆಗ ತೂತಾಗುವ ಭಯ ಬಹಳ ಕಡಿಮೆ.

ದ್ರವ ತುಂಬಿದರೂ ಪಾಲಿಪ್ ಏಳದಿದ್ದರೆ? ಸೂಜಿ ತಪ್ಪು ಪದರಕ್ಕೆ ಹೋಗಿರಬಹುದು, ಹಳೆಯ ಬಯಾಪ್ಸಿಯ ಕಲೆ ಇರಬಹುದು, ಅಥವಾ ಕ್ಯಾನ್ಸರ್ ಆಳಕ್ಕೆ ಬೇರುಬಿಟ್ಟಿರಬಹುದು. ಮೇಲ್ಮೈ ವಿನ್ಯಾಸವೂ ಕೆಟ್ಟಿದ್ದರೆ ಅಲ್ಲಿಗೇ ನಿಲ್ಲಿಸುವುದು ಜಾಣತನ. ಕಲೆ ಮಾತ್ರವಾಗಿದ್ದರೆ ದಾರಿಗಳಿವೆ. ಕರುಳಿಗೆ ಗಾಳಿಯ ಬದಲು ನೀರು ತುಂಬಿಸಿ, ಚುಚ್ಚದೆಯೇ ಸ್ನೇರ್ ಹಾಕಬಹುದು. ಅಂಟಿದ ಚೂರನ್ನು ಫೋರ್ಸೆಪ್ಸ್‌ನಿಂದ ಕಿತ್ತು ಆ ಜಾಗ ಸುಡಬಹುದು. ಸುಮಾರು 2 ಸೆಂ.ಮೀ. ಒಳಗಿನದಾದರೆ ಗೋಡೆಯನ್ನು ಕ್ಲಿಪ್‌ನಿಂದ ಮೊದಲು ಮುಚ್ಚಿ, ಆಮೇಲೆ ಪೂರ್ತಿ ದಪ್ಪಕ್ಕೆ ಕತ್ತರಿಸುವ ಸಾಧನವೂ ಇದೆ.

ಇಎಸ್‌ಡಿ (ಎಂಡೋಸ್ಕೋಪಿಕ್ ಸಬ್‌ಮ್ಯುಕೋಸಲ್ ಡಿಸೆಕ್ಷನ್) ಜಪಾನಿನಲ್ಲಿ ಬೆಳೆದ ಇನ್ನೊಂದು ವಿಧಾನ. ಸಣ್ಣ ವಿದ್ಯುತ್ ಚಾಕುವಿನಿಂದ ಸುತ್ತ ಕೊರೆದು, ಸಬ್‌ಮ್ಯುಕೋಸಾವನ್ನು ಬಿಡಿಸುತ್ತಾ ಇಡೀ ಗಡ್ಡೆಯನ್ನು ಒಂದೇ ತುಂಡಾಗಿ ಎತ್ತುವುದು. ಹೆಚ್ಚು ಸಮಯ ಹಿಡಿಯುತ್ತದೆ, ತೂತಾಗುವ ಸಾಧ್ಯತೆಯೂ ಇಎಂಆರ್‌ಗಿಂತ ಹೆಚ್ಚು. ಲಾಭ ಇರುವುದು ಮೇಲ್ಪದರದ ಕ್ಯಾನ್ಸರ್ ಎಂಬ ಅನುಮಾನವಿದ್ದಾಗ: ಒಂದೇ ತುಂಡಾದರೆ ಪೆಥಾಲಜಿಯವರು ಅಂಚು, ಆಳ ಎರಡನ್ನೂ ಅಳೆದು ಹೇಳಬಲ್ಲರು. ಆಳ 1 ಮಿ.ಮೀ. ಒಳಗಿದ್ದು, ಅಂಚು ಶುದ್ಧವಾಗಿದ್ದು, ರಕ್ತನಾಳಗಳಿಗೆ ಹೊಕ್ಕಿಲ್ಲದೆ ಉಳಿದ ಅಪಾಯದ ಲಕ್ಷಣಗಳೂ ಇಲ್ಲದಿದ್ದರೆ ಆಪರೇಷನ್ ಬೇಡವಾಗಬಹುದು. ಗುದನಾಳದಲ್ಲಿ ಇದರ ಬೆಲೆ ಹೆಚ್ಚು, ಅಲ್ಲಿ ಆಪರೇಷನ್ ಎಂದರೆ ಮಲದ ಹಿಡಿತಕ್ಕೇ ಕುತ್ತು ಬರಬಹುದು. ನಿಮ್ಮ ತಂದೆಯವರ ಪಾಲಿಪ್ ಬಲಭಾಗದಲ್ಲಿದೆ. ಮೇಲ್ಮೈ ಹರಳಿನಂತಿದ್ದರೆ ನನ್ನ ಆಯ್ಕೆ ಇಎಂಆರ್.

ತೊಂದರೆಗಳಲ್ಲಿ ಸಾಮಾನ್ಯವಾದದ್ದು ರಕ್ತಸ್ರಾವ. ಕೆಲಸದ ನಡುವೆ ಬಂದರೆ ಅಲ್ಲೇ ಸುಟ್ಟು ನಿಲ್ಲಿಸುತ್ತಾರೆ. ಮನೆಗೆ ಹೋದ ಮೇಲೂ 14 ದಿನದವರೆಗೆ ಬರಬಹುದು. ಬಲಭಾಗದ ದೊಡ್ಡ ಗಾಯವನ್ನು ಕ್ಲಿಪ್‌ಗಳಿಂದ ಪೂರ್ತಿ ಮುಚ್ಚಿದರೆ ಇದು ಕಡಿಮೆಯಾಗುತ್ತದೆ: 2019ರ ಇನ್ನೊಂದು ಪ್ರಯೋಗದಲ್ಲಿ ಬಲಭಾಗದ ತೀವ್ರ ರಕ್ತಸ್ರಾವ ಶೇ. 9.6ರಿಂದ 3.3ಕ್ಕೆ ಇಳಿದಿತ್ತು. ಇಎಂಆರ್‌ನಲ್ಲಿ ತೂತಾಗುವುದು ನೂರಕ್ಕೆ ಒಂದೆರಡು. ಅಲ್ಲೇ ಗುರುತಿಸಿದರೆ ಹೆಚ್ಚಿನವು ಕ್ಲಿಪ್‌ನಲ್ಲೇ ಮುಗಿಯುತ್ತವೆ, ತಡವಾಗಿ ಗೊತ್ತಾದದ್ದೇ ಅಪಾಯ. ಕರುಳಿಗೆ ತುಂಬಿಸುವುದು ಸಾಮಾನ್ಯ ಗಾಳಿಯೋ ಕಾರ್ಬನ್ ಡೈಆಕ್ಸೈಡೋ ಎಂದು ಕೇಳಿ. ಎರಡನೆಯದು ದೇಹದಲ್ಲಿ ಬೇಗ ಹೀರಿಹೋಗುತ್ತದೆ, ಹೊಟ್ಟೆ ಉಬ್ಬರ ಕಡಿಮೆ.

ತಯಾರಿಯಲ್ಲಿ ಕರುಳು ಸ್ವಚ್ಛವಾಗಿರಬೇಕು. ಬೇಧಿಯ ಔಷಧಿಯನ್ನು ಎರಡು ಭಾಗ ಮಾಡಿ, ಎರಡನೆಯದನ್ನು ಪರೀಕ್ಷೆಗೆ 4-6 ಗಂಟೆ ಮೊದಲು ಶುರುಮಾಡುವುದು ಉತ್ತಮ. ರಕ್ತ ತೆಳುಮಾಡುವ ಮಾತ್ರೆಗಳಿದ್ದರೆ ಈಗಲೇ ತಿಳಿಸಿ. ಆಸ್ಪಿರಿನ್ ಸಾಮಾನ್ಯವಾಗಿ ಮುಂದುವರಿಯುತ್ತದೆ, ಕ್ಲೊಪಿಡೋಗ್ರೆಲ್ 7 ದಿನ, ವಾರ್ಫರಿನ್ 5 ದಿನ ಮೊದಲು ನಿಲ್ಲುವುದು ವಾಡಿಕೆ. ಆದರೆ ಹೃದಯದಲ್ಲಿ ಸ್ಟೆಂಟ್ ಅಥವಾ ಕೃತಕ ಕವಾಟ ಇದ್ದವರು ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.

ಮುಗಿದ ಮೇಲೆ ಎರಡು ವಾರ ಆಸ್ಪತ್ರೆ ಸಿಗದ ಕಡೆಗೆ ಪ್ರಯಾಣ ಬೇಡ. ಹೆಚ್ಚುತ್ತಾ ಹೋಗುವ ಹೊಟ್ಟೆನೋವು, ಜ್ವರ, ಹೆಪ್ಪುಗಟ್ಟಿದ ರಕ್ತ ಹೋಗುವುದು, ತಲೆಸುತ್ತು ಕಂಡರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ರಿಪೋರ್ಟ್‌ನಲ್ಲಿ “ಅಂಚು ನಿರ್ಣಯಿಸಲಾಗದು” ಎಂದಿದ್ದರೆ ಗಾಬರಿ ಬೇಡ, ತುಂಡಾಗಿ ತೆಗೆದಾಗ ಹಾಗೆ ಬರೆಯುವುದು ಸಹಜ. ಅದಕ್ಕಾಗಿಯೇ ಸುಮಾರು 6 ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ ಮಾಡಿ ಕಲೆಯ ಜಾಗ ನೋಡುತ್ತಾರೆ, ಅದಾಗಿ ಸುಮಾರು ಒಂದು ವರ್ಷಕ್ಕೆ ಇನ್ನೊಮ್ಮೆ. ಸಣ್ಣದಾಗಿ ಮರಳಿ ಬಂದಿದ್ದರೆ ಆಗಲೇ ತೆಗೆದುಬಿಡಬಹುದು. ಈ ಭೇಟಿಗೆ ಬರಲು ತಂದೆಯವರು ಒಪ್ಪುತ್ತಾರೆಯೇ ಎಂದು ಈಗಲೇ ಮಾತಾಡಿಕೊಳ್ಳಿ. ಒಪ್ಪದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ, ವಿಧಾನದ ಆಯ್ಕೆಯೇ ಬದಲಾಗಬಹುದು.